ಎಂಟು ವಾರದ ನಾಯಿಮರಿ ಸುಮ್ಮನಿರುವುದೇ ಇಲ್ಲ, ಏನು ಮಾಡಲಿ?

ಪ್ರಶ್ನೆ

ಮರಿ ಮನೆಗೆ ಬಂದು ಐದು ದಿನ ಆಯಿತು. ವಯಸ್ಸು 8 ವಾರ. ನಾನು ಎದ್ದು ಪಕ್ಕದ ಕೋಣೆಗೆ ಹೋದರೆ ಸಾಕು, ಕುಂಯ್ ಕುಂಯ್ ಶುರು. ಫೋನಿನಲ್ಲಿ ಮಾತಾಡುತ್ತಿದ್ದರೆ ಎದುರಿಗೇ ನಿಂತು ಬೊಗಳುತ್ತದೆ. ರಾತ್ರಿ ಮೂರು ನಾಲ್ಕು ಸಲ ರಚ್ಚೆ ಹಿಡಿದು ಅಳುತ್ತದೆ. ಒಬ್ಬರು ‘ಅಳಲಿ ಬಿಡಿ, ತಾನೇ ಸುಮ್ಮನಾಗುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ಅಯ್ಯೋ ಪಾಪ, ಎತ್ತಿಕೊಳ್ಳಿ’ ಎನ್ನುತ್ತಾರೆ. ನಿದ್ದೆಗೆಟ್ಟು ನನಗೇ ಅಳು ಬರುವ ಹಾಗಾಗಿದೆ. ಸಾಕಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಎರಡು ಮರಿ ಬೆಳೆಸಿದವರು

ರಾತ್ರಿಯ ಅಳು ಬೇರೆ, ಹಗಲಿನ ಬೊಗಳು ಬೇರೆ. ಎರಡಕ್ಕೂ ಒಂದೇ ಮದ್ದು ಹಾಕಬೇಡಿ. ನನಗೆ ಇದು ಅರ್ಥ ಆಗಿದ್ದು ಎರಡನೇ ಮರಿ ಬಂದ ಮೇಲೆ. ಹಗಲಿನದನ್ನು ಬೇರೆಯವರು ಹೇಳಲಿ, ನಾನು ರಾತ್ರಿಯದನ್ನು ಹೇಳುತ್ತೇನೆ.

ಐದು ದಿನದ ಹಿಂದಿನವರೆಗೆ ನಿಮ್ಮ ಮರಿ ಒಡಹುಟ್ಟಿದವುಗಳ ಮೈಮೇಲೆ ಬಿದ್ದುಕೊಂಡು ಬೆಚ್ಚಗೆ ಮಲಗುತ್ತಿತ್ತು. ಈಗ ಕತ್ತಲಲ್ಲಿ ಒಂಟಿ. ಅದು ಅಳುವುದು ಹಠಕ್ಕಲ್ಲ, ಭಯಕ್ಕೆ. ಗುಂಪಿನಿಂದ ತಪ್ಪಿಹೋದ ಮರಿ ತಾಯಿಯನ್ನು ಕರೆಯುವ ಕೂಗು ಅದು. ಹಾಗಾಗಿ ‘ಅಳಲಿ ಬಿಡಿ’ ಅನ್ನುವುದನ್ನು ನಾನು ಒಪ್ಪುವುದೇ ಇಲ್ಲ. ಮೊದಲ ಮರಿಯನ್ನು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಿಸಿದ್ದೆ. ಅದು ಸುಮ್ಮನಾಯಿತು, ನಿಜ. ಆದರೆ ಕೂಗಿ ಕೂಗಿ ಸುಸ್ತಾಗಿ ಸುಮ್ಮನಾಗಿದ್ದು. ಆಮೇಲೆ ತಿಂಗಳುಗಟ್ಟಲೆ ಬಾಗಿಲು ಮುಚ್ಚುವ ಸದ್ದಿಗೇ ಬೆದರುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಎರಡನೆಯದನ್ನು ನನ್ನ ಮಂಚದ ಪಕ್ಕದಲ್ಲೇ ಮಲಗಿಸಿದೆ. ಒಂದು ರಟ್ಟಿನ ಪೆಟ್ಟಿಗೆ, ಒಳಗೆ ಹಳೇ ಹೊದಿಕೆ, ಬಟ್ಟೆ ಸುತ್ತಿದ ಉಗುರುಬೆಚ್ಚಗಿನ ನೀರಿನ ಬಾಟಲಿ. ಕುಂಯ್ ಅಂದಾಗ ಕೈ ಕೆಳಗೆ ಬಿಡುತ್ತಿದ್ದೆ. ಅದು ಬೆರಳು ಮೂಸಿ, ಒಂದು ಸಲ ನೆಕ್ಕಿ, ಅಂಗೈ ಮೇಲೆ ಗಲ್ಲ ಇಟ್ಟು ಉದ್ದಕ್ಕೆ ಒಂದು ಉಸಿರು ಬಿಡುತ್ತಿತ್ತು. ಆ ಉಸಿರು ಬಂತೆಂದರೆ ನಿದ್ದೆ ಬಂತು ಅಂತ ಲೆಕ್ಕ. ಹದಿನೈದು ದಿನ ಕಳೆದ ಮೇಲೆ ರಾತ್ರಿಗೆ ಒಂದು ಗೇಣಿನಷ್ಟು ಪೆಟ್ಟಿಗೆಯನ್ನು ಬಾಗಿಲ ಕಡೆ ಸರಿಸುತ್ತಾ ಹೋದೆ. ಅದಕ್ಕೆ ಗೊತ್ತೇ ಆಗಲಿಲ್ಲ.

ಇನ್ನೊಂದು, ಉಚ್ಚೆಯ ಲೆಕ್ಕ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳುತ್ತದೆ. ಎರಡು ತಿಂಗಳ ಮರಿ ಅಂದರೆ ಮೂರು ಗಂಟೆ. ಅದು ಕೂಗಿ ಎಬ್ಬಿಸುವ ಮೊದಲೇ ಅಲಾರಂ ಇಟ್ಟು ನೀವೇ ಎತ್ತಿಕೊಂಡು ಹೋಗಿ. ದೊಡ್ಡ ದೀಪ ಬೇಡ, ಮಾತು ಬೇಡ, ಆಟವಂತೂ ಬೇಡವೇ ಬೇಡ. ಉಚ್ಚೆ ಆಯಿತಾ, ಮೆಲ್ಲಗೆ ‘ಜಾಣ’ ಅನ್ನಿ, ವಾಪಸ್ ಮಲಗಿಸಿ.

ಸದ್ಯ 11 ವಾರದ ಮರಿ ಇರುವವರು

ನಿದ್ದೆ! ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ. ಇಷ್ಟು ಚಿಕ್ಕ ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ನಮ್ಮದು ಸಂಜೆ ಆದರೆ ಸಾಕು, ಹುಚ್ಚು ಹಿಡಿದ ಹಾಗೆ ಓಡಿ, ಬೊಗಳಿ, ಪ್ಯಾಂಟಿನ ಅಂಚು ಕಚ್ಚಿ ಎಳೆಯುತ್ತಿತ್ತು. ಶಕ್ತಿ ಜಾಸ್ತಿ ಆಗಿದೆ ಅಂದುಕೊಂಡು ಇನ್ನೂ ಆಡಿಸಿದೆವು. ಇನ್ನೂ ಕೆಟ್ಟಿತು. ಅದಕ್ಕೆ ನಿಜಕ್ಕೂ ನಿದ್ದೆ ಬಂದಿರುತ್ತಿತ್ತು, ಮಲಗಲು ಬರುತ್ತಿರಲಿಲ್ಲ, ಅಷ್ಟೇ. ಈಗ ಒಂದು ಗಂಟೆ ಎಚ್ಚರ ಇದ್ದರೆ ಮುಂದಿನ ಎರಡು ಗಂಟೆ ಅರೆಗತ್ತಲೆಯ ಮೂಲೆಯಲ್ಲಿ ಮಲಗಿಸುತ್ತೇವೆ. ನಾನೂ ಹತ್ತಿರ ಸುಮ್ನೆ ಕೂತಿರುತ್ತೇನೆ. ಅರ್ಧಕ್ಕರ್ಧ ಗಲಾಟೆ ಇದರಲ್ಲೇ ಹೋಯಿತು.

ತಾಯಿಯಿಲ್ಲದ ಮರಿಗಳನ್ನು ಸಾಕಿ, ಒಳ್ಳೆಯ ಮನೆ ನೋಡಿ ಕೊಡುವವರು

ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಫೋನಿನ ಎದುರು ಬೊಗಳುವುದರ ಬಗ್ಗೆ ನಾನು ಹೇಳುತ್ತೇನೆ.

ಮೊದಲು ಹೊಟ್ಟೆ, ಉಚ್ಚೆ, ನಿದ್ದೆ, ಚಳಿ ಇಷ್ಟನ್ನು ನೋಡಿ. ಈ ವಯಸ್ಸಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು. ಎಲ್ಲ ಸರಿ ಇದ್ದೂ ಮರಿ ನಿಮ್ಮ ಕಣ್ಣನ್ನೇ ನೋಡುತ್ತಾ ಬೊಗಳಿ, ಒಂದು ಕ್ಷಣ ನಿಂತು, ಏನಾಗುತ್ತದೆ ಅಂತ ಕಾದು, ಮತ್ತೆ ಬೊಗಳಿದರೆ ಅದು ಗಮನ ಕೇಳುವ ಬೊಗಳು.

ಈಗ ನಮ್ಮನ್ನೇ ನೋಡಿಕೊಳ್ಳೋಣ. ಮರಿ ತೆಪ್ಪಗೆ ಮಲಗಿದ್ದಾಗ ‘ಸದ್ಯ, ಸುಮ್ಮನಿದೆ’ ಅಂತ ನಮ್ಮ ಕೆಲಸಕ್ಕೆ ಹೋಗುತ್ತೇವೆ. ಬೊಗಳಿದ ಕೂಡಲೇ ತಿರುಗುತ್ತೇವೆ, ಬೈಯುತ್ತೇವೆ, ಎತ್ತಿಕೊಳ್ಳುತ್ತೇವೆ. ಮರಿಗೆ ಬೈಗುಳವೂ ಗಮನವೇ. ಅತ್ತರೆ ಮಾತ್ರ ಹಾಲು ಅಂತ ನಾವೇ ಪಾಠ ಹೇಳಿಕೊಟ್ಟ ಹಾಗಾಯಿತು, ಅಲ್ವಾ?

ಇದನ್ನು ತಿರುವುಮುರುವು ಮಾಡಿ. ಅದರ ದಿನದ ಆಹಾರದಲ್ಲೇ ಒಂದು ಹಿಡಿ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಮರಿ ಸುಮ್ಮನಿರುವ ಗಳಿಗೆಯನ್ನು ಹುಡುಕಿ ಒಂದೊಂದೇ ಚೂರು ಕೊಡಿ. ನನ್ನ ಹತ್ತಿರ ಒಂದು ಕರಿ ಮರಿ ಇತ್ತು, ಗಂಟಲು ಅಂದರೆ ಗಂಟಲು. ಒಂದು ದಿನ ನಾನು ಬರೆಯುತ್ತಾ ಕೂತಿದ್ದಾಗ ಕಾಲ ಹತ್ತಿರ ಬಂದು ಇಪ್ಪತ್ತು ಸಲ ಬೊಗಳಿತು. ನಾನು ತಲೆ ಎತ್ತಲಿಲ್ಲ. ಆಮೇಲೆ ಧೊಪ್ಪನೆ ಕುಕ್ಕರಿಸಿತು. ಒಂದು, ಎರಡು ಅಂತ ಮನಸ್ಸಲ್ಲೇ ಎಣಿಸಿ, ಅದರ ಮುಂಗಾಲುಗಳ ನಡುವೆ ಒಂದು ಚೂರು ಇಟ್ಟೆ. ಮಾತಾಡಲಿಲ್ಲ. ತಿಂದು ನನ್ನ ಮುಖ ನೋಡಿತು. ಬೊಗಳಲು ಬಾಯಿ ತೆರೆದದ್ದು ಹಾಗೇ ಮುಚ್ಚಿತು. ಇನ್ನೊಂದು ಇಟ್ಟೆ. ನಾಲ್ಕನೇ ದಿನಕ್ಕೆ ಬಂದು ಕೂತು ಕಾಯುವುದನ್ನು ಕಲಿತಿತ್ತು. ಎರಡು ಸೆಕೆಂಡು ಐದಾಯಿತು, ಹತ್ತಾಯಿತು.

ಒಂದು ಎಚ್ಚರಿಕೆ. ನೀವು ತಿರುಗಿ ನೋಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಬೊಗಳು ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಇಷ್ಟು ದಿನ ಕೆಲಸ ಮಾಡಿದ್ದು ಈಗ ಯಾಕೆ ಮಾಡುತ್ತಿಲ್ಲ ಅಂತ ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಅಲ್ಲೇ ಬಹಳ ಜನ ಸೋಲುವುದು. ಒಂಬತ್ತು ಸಲ ತಡೆದು ಹತ್ತನೇ ಸಲ ಎತ್ತಿಕೊಂಡರೆ, ಹತ್ತು ಸಲ ಕೂಗಬೇಕು ಅಂತ ಅದು ಕಲಿಯುತ್ತದೆ. ಹಾಗಾಗಿ ತಡೆಯುವುದು ಕಷ್ಟ ಅನಿಸಿದರೆ ಮೊದಲೇ ಉಪಾಯ ಮಾಡಿ. ಫೋನ್ ಬರುವ ಹೊತ್ತು ಗೊತ್ತಿದ್ದರೆ ಅದಕ್ಕೂ ಮುಂಚೆ ಅಗಿಯಲು ಏನಾದರೂ ಕೊಟ್ಟು ಕೂರಿಸಿ.

ನೀವು ಎದ್ದು ಹೋದರೆ ಅಳುವುದಕ್ಕೆ ಬೇರೆ ದಾರಿ, ಅದನ್ನು ಕಡೆಗಣಿಸಬೇಡಿ. ಎರಡು ಸೆಕೆಂಡು ಬಾಗಿಲಾಚೆ ಹೋಗಿ, ಅಳುವ ಮೊದಲೇ ಬನ್ನಿ. ಆಮೇಲೆ ಐದು, ಆಮೇಲೆ ಹತ್ತು. ಹೋಗುವಾಗಲೂ ಬರುವಾಗಲೂ ಮುದ್ದಾಟದ ಗಲಾಟೆ ಬೇಡ. ಹೋದವರು ಬಂದೇ ಬರುತ್ತಾರೆ ಅಂತ ಅದಕ್ಕೆ ಗೊತ್ತಾಗಬೇಕು.

ಹೊಡೆಯುವುದು, ಮೂತಿ ಹಿಸುಕುವುದು, ಮುಖಕ್ಕೆ ನೀರು ಎರಚುವುದು ಖಂಡಿತಾ ಬೇಡ. 3ರಿಂದ ಸುಮಾರು 14 ವಾರದವರೆಗಿನ ಕಾಲದಲ್ಲಿ ಮರಿ ಯಾರನ್ನು ನಂಬಬೇಕು, ಯಾವುದಕ್ಕೆ ಹೆದರಬೇಕು ಅಂತ ಕಲಿಯುತ್ತಿರುತ್ತದೆ. ಆಗ ನಿಮ್ಮ ಕೈ ಕಂಡರೆ ಹೆದರುವ ಹಾಗೆ ಆಗಬಾರದು.

ಇದೆಲ್ಲ ಎಂಟು ವಾರದ ಮರಿಯ ಮಾತು. ಯಾರ ಹತ್ತಿರವಾದರೂ ಇನ್ನೂ ಕಣ್ಣು ಬಿಡದ ಅಥವಾ ಈಗಷ್ಟೇ ಕಣ್ಣು ಬಿಟ್ಟ, ಎರಡು ಮೂರು ವಾರದೊಳಗಿನ ಮರಿ ಇದ್ದರೆ ಅದರ ಪ್ರತಿ ಕೂಗಿಗೂ ಏಳಲೇಬೇಕು. ಅದಕ್ಕೆ ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ತಾಯಿ ನೆಕ್ಕದಿದ್ದರೆ ಉಚ್ಚೆ ಕೂಡ ತಾನಾಗಿ ಮಾಡುವುದಿಲ್ಲ, ನಾವೇ ಬೆಚ್ಚಗಿನ ಒದ್ದೆ ಹತ್ತಿಯಿಂದ ಮೆಲ್ಲಗೆ ಸವರಬೇಕು.

ಇನ್ನೊಬ್ಬರು

ಮುಟ್ಟಿದರೆ ಕಿರುಚಿದರೆ, ಊಟ ಬಿಟ್ಟರೆ, ಭೇದಿ ಆದರೆ, ಉಚ್ಚೆಗೆ ಮುಕ್ಕಿ ಮುಕ್ಕಿ ಅತ್ತರೆ ತರಬೇತಿಯ ಮಾತೇ ಬೇಡ. ಅದೇ ದಿನ ಪಶುವೈದ್ಯರ ಹತ್ತಿರ ಹೋಗಿ. ಯಾವಾಗಲೂ ಕೂಗುವ ಮರಿ ಇದ್ದಕ್ಕಿದ್ದ ಹಾಗೆ ಮಂಕಾಗಿ ಮಲಗಿದರೂ ಅಷ್ಟೇ.

ಪ್ರಶ್ನೆ ಕೇಳಿದವರು, ಒಂದು ವಾರದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೆಟ್ಟಿಗೆ ಮಂಚದ ಪಕ್ಕಕ್ಕೆ ಬಂತು. ಈಗ ರಾತ್ರಿ ಎರಡೇ ಸಲ ಏಳುತ್ತೇನೆ, ಅದೂ ಅಲಾರಂಗೆ. ಹಗಲಿನದು ಮಾತ್ರ ಇನ್ನೂ ಸರಿಯಾಗಿಲ್ಲ. ನಾನು ಎಷ್ಟೇ ತಡೆದರೂ ಅಪ್ಪನಿಗೆ ತಡೆಯಲು ಆಗುವುದಿಲ್ಲ. ಬೊಗಳಿದ ತಕ್ಷಣ ತಿನ್ನಲು ಏನಾದರೂ ಹಾಕುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ತಾಯಿಯಿಲ್ಲದ ಮರಿಗಳನ್ನು ಸಾಕುವವರು

ಅಪ್ಪನಿಗೆ ಬೇಡ ಅನ್ನಬೇಡಿ. ಕೊಡುವ ಆಸೆ ಇರುವವರೇ ಈ ಕೆಲಸಕ್ಕೆ ಸರಿ. ದಿನದ ಚೂರುಗಳನ್ನು ಒಂದು ಡಬ್ಬಿಗೆ ಹಾಕಿ ಅವರ ಕೈಗೇ ಕೊಟ್ಟುಬಿಡಿ. ‘ಇದು ಸುಮ್ಮನಿದ್ದಾಗಲೆಲ್ಲ ಒಂದೊಂದು ಕೊಡಿ, ಸಂಜೆಯೊಳಗೆ ಡಬ್ಬಿ ಖಾಲಿ ಆಗಬೇಕು’ ಅನ್ನಿ. ಡಬ್ಬಿಯಲ್ಲಿರುವಷ್ಟನ್ನು ಮರಿಯ ಊಟದಲ್ಲಿ ಕಡಿಮೆ ಮಾಡುವುದು ಮರೆಯಬೇಡಿ.