ಚಪ್ಪಾಳೆ ತಟ್ಟಿದವರೇ ಬಾಗಿಲು ಹಾಕಿದರಾ? ಯುರೋಪಿನ ನಿರಾಶ್ರಿತರ ಬಗ್ಗೆ ಒಂದು ಪ್ರಶ್ನೆ

ಬನಶಂಕರಿ_ಸೆಕೆಂಡ್‌ಸ್ಟೇಜ್

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ, ಇಲ್ಲಿ ಕೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ನಮ್ಮ ಅಕ್ಕ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಹೋಗಿ ಹದಿನೈದು ವರ್ಷದ ಮೇಲಾಯಿತು. 2015ರ ಸೆಪ್ಟೆಂಬರ್ ಮೊದಲ ವಾರ ಅವಳು ಫೋನ್ ಎತ್ತಿ ಹಿಡಿದು ಅಲ್ಲಿನ ದೊಡ್ಡ ರೈಲ್ವೆ ಸ್ಟೇಷನ್ ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಂಗೇರಿಯಲ್ಲಿ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದ ಸಿರಿಯಾ, ಇರಾಕ್, ಅಫ್ಘಾನಿಸ್ತಾನದ ಜನ ಆಸ್ಟ್ರಿಯಾ ದಾಟಿ ರೈಲಿನಲ್ಲಿ ಬಂದು ಇಳಿಯುತ್ತಿದ್ದರು, ಆಚೆ ಈಚೆ ನಿಂತ ಊರವರು ಚಪ್ಪಾಳೆ ತಟ್ಟುತ್ತಿದ್ದರು. ನಿಜವಾಗಲೂ ಚಪ್ಪಾಳೆ, ಮ್ಯಾಚ್ ಗೆದ್ದು ಬಂದವರಿಗೆ ತಟ್ಟುತ್ತಾರಲ್ಲ, ಹಾಗೆ. ಮಕ್ಕಳ ಕೈಗೆ ಬೊಂಬೆ, ಬಾಳೆಹಣ್ಣು, ನೀರಿನ ಬಾಟಲಿ. ಅಕ್ಕ ಮಗಳ ಹಳೇ ಜಾಕೆಟ್, ಬೂಟು ಒಂದು ಚೀಲಕ್ಕೆ ತುಂಬಿಕೊಂಡು ಹೋದರೆ ವಾಪಸ್ ಕಳಿಸಿದರಂತೆ. ಜನ ತಂದು ಸುರಿದದ್ದು ಇಡೋಕೆ ಜಾಗ ಇಲ್ಲ, ಸದ್ಯಕ್ಕೆ ಸಾಕು ಅಂತ ಪೊಲೀಸರೇ ಹೇಳುವ ಹಾಗಾಗಿತ್ತು.

ಹೋದ ತಿಂಗಳು ಬೆಂಗಳೂರಿಗೆ ಬಂದಿದ್ದಳು. ಎಲ್ಲರೂ ನೆನೆಸಿದ ಅವರೆಕಾಳು ಹಿಚುಕುತ್ತಾ ಕೂತಿದ್ದಾಗ ಇದೇ ಮಾತು ಬಂತು. 'ಸಾಕಪ್ಪ, ಇನ್ನು ಬರೋದು ಬೇಡ' ಅಂದಳು. ಭಾವ ಅವಳಿಗಿಂತ ಒಂದು ಕೈ ಮೇಲೆ. ನೀವೂ ಹೊರಗಿಂದ ಹೋದವರೇ ಅಲ್ವಾ ಭಾವ ಅಂದಿದ್ದಕ್ಕೆ, 'ನಾವು ವೀಸಾ ತಗೊಂಡು ಕ್ಯೂನಲ್ಲಿ ನಿಂತು ಹೋದವರು' ಅಂದರು. ಆಮೇಲೆ ಊಟ ಮುಗಿಯೋವರೆಗೆ ಯಾರೂ ಬಾಯಿ ಬಿಡಲಿಲ್ಲ. ಹಿತಕಿದ ಬೇಳೆ ಸಾರು ಮಾತ್ರ ಚೆನ್ನಾಗಿತ್ತು.

2025ರ ಫೆಬ್ರವರಿ ಚುನಾವಣೆಯಲ್ಲಿ, ವಲಸಿಗರು ಬೇಡ ಅನ್ನೋ ಎಎಫ್‌ಡಿ ಪಕ್ಷಕ್ಕೆ ಅಲ್ಲಿ ಶೇ 20.8 ಮತ ಬಿತ್ತು, ಎರಡನೇ ಸ್ಥಾನ. 2013ರಲ್ಲಿ ಇದೇ ಪಕ್ಷಕ್ಕೆ ಸಂಸತ್ತಿನೊಳಗೆ ಕಾಲಿಡೋಕೂ ಆಗಿರಲಿಲ್ಲ. ಹಾಗಾದರೆ ಸ್ಟೇಷನ್‌ನಲ್ಲಿ ಚಪ್ಪಾಳೆ ತಟ್ಟಿದವರೇ ಬದಲಾದರಾ, ಇಲ್ಲ ಅವರೇ ಬೇರೆ ಇವರೇ ಬೇರೆಯಾ? 'ಎಲ್ಲಾ ಮೀಡಿಯಾ ಆಟ' ಅನ್ನೋ ಉತ್ತರ ಬೇಡ ದಯವಿಟ್ಟು. ಅಲ್ಲಿದ್ದು ಬಂದವರು ಯಾರಾದರೂ ಇದ್ದರೆ ಹೇಳಿ.

ಸ್ಟುಟ್‌ಗಾರ್ಟ್_ಟು_ಜಯನಗರ

ನಾನು 2011ರಿಂದ 2019ರವರೆಗೆ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಲ್ಲಿದ್ದೆ. ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ಮೊದಲು ಚಪ್ಪಾಳೆ, ಆಮೇಲೆ ಸಿಟ್ಟು ಅಂತ ನೀವು ಅಂದುಕೊಂಡಿದ್ದೀರಿ. ಎರಡೂ ಒಟ್ಟಿಗೇ ಇದ್ದವು ಸಾರ್. ಡ್ರೆಸ್ಡನ್‌ನಲ್ಲಿ ಪೆಗಿಡಾ ಅನ್ನೋ ವಲಸಿಗರ ವಿರೋಧಿ ಗುಂಪು ಸೋಮವಾರದ ಮೆರವಣಿಗೆ ಶುರು ಮಾಡಿದ್ದು 2014ರ ಅಕ್ಟೋಬರ್‌ನಲ್ಲೇ. ಮ್ಯೂನಿಕ್ ಚಪ್ಪಾಳೆಗೆ ಎರಡು ವಾರ ಮುಂಚೆ, ಅದೇ ಡ್ರೆಸ್ಡನ್ ಪಕ್ಕದ ಹೈಡೆನೌ ಅನ್ನೋ ಊರಲ್ಲಿ, ನಿರಾಶ್ರಿತರನ್ನು ಇಡಬೇಕಿದ್ದ ಕಟ್ಟಡದ ಮುಂದೆ ನಿಂತು ಪೊಲೀಸರ ಮೇಲೆ ಕಲ್ಲು, ಬಾಟಲಿ ತೂರಿದ್ದರು. ಆಗಸ್ಟ್ 31ಕ್ಕೆ ಆಗಿನ ಚಾನ್ಸಲರ್ ಮರ್ಕೆಲ್ 'ವಿರ್ ಶಾಫೆನ್ ದಾಸ್' ಅಂದರು, ನಮ್ಮ ಕೈಲಿ ಆಗುತ್ತೆ ಅಂತ. ಸೆಪ್ಟೆಂಬರ್ 2ಕ್ಕೆ ಟರ್ಕಿಯ ಬೊದ್ರುಮ್ ಹತ್ತಿರ ದೋಣಿ ಮುಳುಗಿ ಸತ್ತ ಅಲನ್ ಕುರ್ದಿ ಅನ್ನೋ ಸಿರಿಯಾದ ಪುಟ್ಟ ಹುಡುಗನ ಹೆಣ ದಡಕ್ಕೆ ಬಂತು. ಆ ಕೆಂಪು ಟೀ ಶರ್ಟಿನ ಫೋಟೋ ನೋಡಿ ಎಂಥವರಿಗೂ ಕರುಳು ಕಿತ್ತು ಬಂದಿತ್ತು. ಮ್ಯೂನಿಕ್ ಚಪ್ಪಾಳೆ ಆ ವಾರದ್ದು.

ಆ ವರ್ಷ ಜರ್ಮನಿ ಒಂದಕ್ಕೇ ಸುಮಾರು 8 ಲಕ್ಷ 90 ಸಾವಿರ ಜನ ಬಂದರು. ಇವರನ್ನು ರಾಜ್ಯಗಳಿಗೆ ಹಂಚೋಕೆ ಅಲ್ಲಿ ಒಂದು ಲೆಕ್ಕ ಇದೆ. ಮೂರರಲ್ಲಿ ಎರಡು ಪಾಲು ರಾಜ್ಯದ ತೆರಿಗೆ ವರಮಾನ ನೋಡಿ, ಒಂದು ಪಾಲು ಜನಸಂಖ್ಯೆ ನೋಡಿ. ಕಾಗದದ ಮೇಲೆ ಚೆಂದ. ನಮ್ಮ ಊರಲ್ಲಿ ಇದಕ್ಕೆ ಸಿಕ್ಕ ಜಾಗ ಶಾಲೆಯ ಒಳಾಂಗಣ ಆಟದ ಹಾಲ್. ಬಾಸ್ಕೆಟ್‌ಬಾಲ್ ಅಂಕಣದ ಗೆರೆಗಳ ಮೇಲೆ ಸಾಲು ಮಂಚ, ಮರೆಗೆ ಹಗ್ಗ ಕಟ್ಟಿ ಬೆಡ್‌ಶೀಟು. ಮೊದಲ ತಿಂಗಳು ಊರವರು ಕೇಕ್ ತಂದರು, ಸೈಕಲ್ ತಂದರು. ಚಳಿಗಾಲ ಕಳೆದರೂ ಹಾಲ್ ಖಾಲಿಯಾಗಲಿಲ್ಲ, ಮಕ್ಕಳಿಗೆ ಆಟದ ಪೀರಿಯಡ್ಡೇ ಇಲ್ಲ. ಶಾಲೆಯ ಮೀಟಿಂಗ್‌ನಲ್ಲಿ 'ಇನ್ನೆಷ್ಟು ದಿನ ಹೀಗೆ' ಅಂತ ಮೊದಲು ಎದ್ದು ಕೇಳಿದ ಹೆಂಗಸು ಅದೇ ಕೇಕ್ ತಂದವಳು. ಅವಳನ್ನು ಕೆಟ್ಟವಳು ಅನ್ನೋಕೆ ನನಗೆ ಬಾಯಿ ಬರಲ್ಲ.

ಶನಿವಾರ ನಾನು ಅಲ್ಲಿಗೆ ಹೋಗಿ ಅವರಿಗೆ ಬಂದ ಕಾಗದ ಓದಿ ಹೇಳುತ್ತಿದ್ದೆ. ನನ್ನ ಜರ್ಮನ್ ಅರ್ಧಂಬರ್ಧ, ಆದರೂ ಅವರಿಗಿಂತ ವಾಸಿ. ಅಲೆಪ್ಪೊದ ಒಬ್ಬ ಟೈಲರ್ ಇದ್ದ. ಅಲ್ಲಿ ಸರ್ಕಾರದ ಮುಖ್ಯ ತೀರ್ಮಾನ ಹಳದಿ ಲಕೋಟೆಯಲ್ಲಿ ಬರುತ್ತೆ, ತಲುಪಿಸಿದ ತಾರೀಖನ್ನು ಅಂಚೆಯವನು ಲಕೋಟೆ ಮೇಲೇ ಬರೆಯುತ್ತಾನೆ. ಅರ್ಜಿ ತಿರಸ್ಕಾರ ಆಗಿದ್ದರೆ ಅಪೀಲಿಗೆ ದಿನ ಎಣಿಸೋದು ಆ ತಾರೀಖಿನಿಂದ. ಪಾಪ ಎಷ್ಟೋ ಜನ ಒಳಗಿನ ಕಾಗದ ಜೋಪಾನವಾಗಿಟ್ಟು ಲಕೋಟೆ ಬಿಸಾಡಿಬಿಡುತ್ತಿದ್ದರು. ಈ ಟೈಲರ್‌ಗೆ ಒಂದು ಸಲ ಹೇಳಿದ್ದೇ ತಡ, ಸೂಪರ್ ಮಾರ್ಕೆಟ್ ಜಾಹೀರಾತು ಬಂದ ಕವರಿನಿಂದ ಹಿಡಿದು ಎಲ್ಲವನ್ನೂ ಬಿಸ್ಕತ್ ಡಬ್ಬಿಯಲ್ಲಿ ಇಟ್ಟುಕೊಳ್ಳೋಕೆ ಶುರು ಮಾಡಿದ. ಹಗಲಿಡೀ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿರುತ್ತಿದ್ದ. ಮೊದಲ ಮೂರು ತಿಂಗಳು ಕೆಲಸ ಮಾಡುವ ಹಾಗೇ ಇಲ್ಲ, ಆಮೇಲೂ ಪರ್ಮಿಷನ್ ಬೇಕು, ಭಾಷೆ ಕಲಿಯೋ 600 ಗಂಟೆಯ ಕೋರ್ಸಿಗೆ ಸರದಿ ಬರಬೇಕು. ಬಸ್ಸಿನಲ್ಲಿ ಹೋಗುವವರಿಗೆ ಕಾಣುತ್ತಿದ್ದದ್ದು ಏನು? ಗಟ್ಟಿಮುಟ್ಟಾದ ಗಂಡಸರು, ಕೈಯಲ್ಲಿ ಮೊಬೈಲು, ಮಾಡೋಕೆ ಕೆಲಸ ಇಲ್ಲ. ನಮ್ಮ ತೆರಿಗೆ ದುಡ್ಡಲ್ಲಿ ತಿಂದು ಕೂತಿದ್ದಾರೆ ಅನ್ನೋ ಮಾತು ಹುಟ್ಟಿದ್ದು ಆ ಬೆಂಚಿನ ಮೇಲೆ.

ಆಮೇಲೆ ಕಲೋನ್. 2015ರ ಡಿಸೆಂಬರ್ 31ರ ರಾತ್ರಿ ಅಲ್ಲಿ ಸ್ಟೇಷನ್ ಮುಂದೆ ಗಂಡಸರು, ಬಹಳಷ್ಟು ಮಂದಿ ಹೊರಗಿಂದ ಬಂದವರು, ಗುಂಪು ಗುಂಪಾಗಿ ಹೆಂಗಸರ ಮೈಮೇಲೆ ಕೈ ಹಾಕಿದರು, ನೂರಾರು ಹೆಂಗಸರು ದೂರು ಕೊಟ್ಟರು. ಪೊಲೀಸರು ಬೆಳಿಗ್ಗೆ ಹೊರಡಿಸಿದ ಪ್ರಕಟಣೆಯಲ್ಲಿ ಹೆಚ್ಚುಕಮ್ಮಿ ಎಲ್ಲಾ ಶಾಂತವಾಗಿತ್ತು ಅಂತ ಬರೆದಿದ್ದರು. ನನ್ನ ಜೊತೆ ಕೆಲಸ ಮಾಡುತ್ತಿದ್ದವರಿಗೆ ಆ ಘಟನೆಯಷ್ಟೇ ಉರಿದದ್ದು ಈ ಪ್ರಕಟಣೆಗೆ. ನಮ್ಮಿಂದ ಇನ್ನೇನೇನು ಮುಚ್ಚಿಟ್ಟಿದ್ದಾರೋ ಅಂತ. ಅಲ್ಲಿಂದ ಆಫೀಸಿನಲ್ಲಿ ಊಟದ ಹೊತ್ತಿನ ಮಾತೇ ಬೇರೆಯಾಯಿತು.

ನೇರಮಾತು_ಮಲ್ಲೇಶ್ವರಂ

ಜಯನಗರದ ಸಾರ್, ಬರೆದದ್ದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಎಲ್ಲಾ ರೂಲ್ಸಿನ ತಪ್ಪು ಅಂದುಬಿಟ್ಟರೆ ಹೇಗೆ? ಎಷ್ಟು ಜನ ಅನ್ನೋದೂ ಲೆಕ್ಕಕ್ಕೆ ಬರುತ್ತೆ ತಾನೆ. ಸ್ವೀಡನ್ ನೋಡಿ. ಒಂದು ಕೋಟಿ ಜನ ಇಲ್ಲದ ದೇಶ, 2015ರಲ್ಲಿ 1 ಲಕ್ಷ 63 ಸಾವಿರ ಅರ್ಜಿ ಬಂತು. ಅವರೇನು ಕಲ್ಲು ಹೊಡೆದವರಲ್ಲ, ಕರೆದು ಮಣೆ ಹಾಕಿದವರು. ನವೆಂಬರ್‌ನಲ್ಲಿ ಇನ್ನು ನಿಯಮ ಬಿಗಿ ಮಾಡುತ್ತೇವೆ ಅಂತ ಪ್ರಕಟಿಸುವಾಗ ಅವರ ಉಪ ಪ್ರಧಾನಿ ಓಸಾ ರೋಮ್ಸನ್ ಪ್ರೆಸ್ ಮೀಟ್‌ನಲ್ಲೇ ಕಣ್ಣೀರು ಹಾಕಿದರು. ಮನಸ್ಸಿತ್ತು, ಮನೆ ಇರಲಿಲ್ಲ.

ಇನ್ನು ಯುರೋಪಿನ ಒಗ್ಗಟ್ಟು ಅನ್ನೋದು ಕೇಳಲೇಬೇಡಿ. ಮೊದಲು ಕಾಲಿಟ್ಟ ದೇಶವೇ ಅರ್ಜಿ ನೋಡಬೇಕು ಅನ್ನೋದು ಅವರ ಆಗಿನ ಡಬ್ಲಿನ್ ನಿಯಮ. ಅಂದರೆ ಭಾರ ಎಲ್ಲಾ ಗ್ರೀಸ್, ಇಟಲಿ ತಲೆಗೆ. ಅಲ್ಲಿಂದ 1 ಲಕ್ಷ 60 ಸಾವಿರ ಜನರನ್ನು ಹಂಚಿಕೊಳ್ಳೋಣ ಅಂತ 2015ರಲ್ಲಿ ತೀರ್ಮಾನ ಮಾಡಿದರು, ಎರಡು ವರ್ಷ ಮುಗಿದು ನೋಡಿದರೆ ನಿಜವಾಗಿ ಕರೆದುಕೊಂಡದ್ದು 35 ಸಾವಿರದ ಆಸುಪಾಸು. ಹಂಗೇರಿ ಅಷ್ಟರಲ್ಲಿ ಸೆರ್ಬಿಯಾ ಗಡಿಗೆ ಬೇಲಿ ಹಾಕಿ ಮುಗಿಸಿತ್ತು. ಮದುವೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಇರುತ್ತಾರೆ, ಎಲೆ ಎತ್ತೋಕೆ ಯಾರೂ ಇರಲ್ಲ ಅಲ್ವಾ, ಹಾಗೆ.

ನಿಮ್ಮ ಭಾವನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ ಅಂತ ಹೇಳೋಕೆ ಇಷ್ಟು ಬರೆದೆ.

ಟೀ_ಬ್ರೇಕ್

ಮಲ್ಲೇಶ್ವರಂ ಅಣ್ಣ, ಎಷ್ಟು ಜನ ಅನ್ನೋದೇ ಕಾರಣ ಆಗಿದ್ದರೆ 2022ರಲ್ಲಿ ಯುರೋಪ್ ಮುಳುಗಬೇಕಿತ್ತು. ಉಕ್ರೇನಿನಿಂದ 40 ಲಕ್ಷಕ್ಕೂ ಜಾಸ್ತಿ ಜನ ಬಂದರು. 2001ರಲ್ಲೇ ಬರೆದಿಟ್ಟು ಒಮ್ಮೆಯೂ ಬಳಸದ ಒಂದು ಕಾನೂನನ್ನು ಮಾರ್ಚ್‌ನಲ್ಲಿ ಹೊರಗೆ ತೆಗೆದರು. ಒಬ್ಬೊಬ್ಬರ ಅರ್ಜಿ ವಿಚಾರಣೆ ಇಲ್ಲ, ತಕ್ಷಣ ಕೆಲಸ ಮಾಡಬಹುದು, ಮಕ್ಕಳು ಶಾಲೆಗೆ ಹೋಗಬಹುದು. ಪೋಲೆಂಡಿನ ಪ್ಶೆಮಿಶ್ಲ್ ಸ್ಟೇಷನ್‌ನಲ್ಲಿ, ಬರುವ ತಾಯಂದಿರಿಗೆ ಬೇಕಾಗುತ್ತೆ ಅಂತ ಮಗು ತಳ್ಳೋ ಗಾಡಿಗಳನ್ನು ಸಾಲಾಗಿ ಬಿಟ್ಟು ಹೋಗಿದ್ದರು. ಅದೇ ಪೋಲೆಂಡ್ ಕೆಲವೇ ತಿಂಗಳ ಹಿಂದೆ ಬೆಲಾರುಸ್ ಗಡಿಯ ಕಾಡಿನಲ್ಲಿ ಚಳಿಗೆ ನಡುಗುತ್ತಿದ್ದ ಇರಾಕಿ ಕುಟುಂಬಗಳನ್ನು ಆಚೆ ತಳ್ಳುತ್ತಿತ್ತು.

ಮೈಬಣ್ಣ, ಧರ್ಮ ಇಲ್ಲಿ ಇಲ್ಲ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬಲ್ಲ. ಉಕ್ರೇನಿನವರ ಬಗ್ಗೆಯೂ ಈಗ ಪೋಲೆಂಡಿನಲ್ಲಿ ಗೊಣಗಾಟ ಶುರುವಾಗಿದೆ, ಅದು ಬೇರೆ ಮಾತು.

ಕುಶಾಲನಗರದವ

ಇಂಥ ಮಾತು ಬಂದಾಗಲೆಲ್ಲ ನಮ್ಮವರು ಯಾರಾದರೂ 'ಬೈಲಕುಪ್ಪೆ ನೋಡಿ, ನಾವು ಹೇಗೆ ಇಟ್ಟುಕೊಂಡಿದ್ದೇವೆ' ಅಂತ ಎದೆ ತಟ್ಟಿಕೊಳ್ಳುತ್ತಾರೆ. ಯಾರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ, ನಮ್ಮದು ಅದರ ಪಕ್ಕದ ಊರು, ಮಧ್ಯೆ ಕಾವೇರಿ.

1960ರ ಹೊತ್ತಿಗೆ ಆಗಿನ ಮೈಸೂರು ಸರ್ಕಾರ ಟಿಬೆಟಿನವರಿಗೆ ಸುಮಾರು 3 ಸಾವಿರ ಎಕರೆ ಕೊಟ್ಟಿತು. ಬರೀ ಕಾಡು. ಅವರೇ ಮರ ಕಡಿದು, ಆನೆ ಓಡಿಸಿ, ಜೋಳ ಹಾಕಿದರು. ನಮ್ಮ ತಾತ ಹೇಳುತ್ತಿದ್ದರು, ಬಂದ ಹೊಸತರಲ್ಲಿ ಅವರಿಗೆ ಈ ಕಡೆ ಸೆಖೆ ತಡೆಯೋಕೇ ಆಗುತ್ತಿರಲಿಲ್ಲವಂತೆ. ಈಗ ಕ್ಯಾಂಪಿನ ಅಜ್ಜಿಯರು ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ, ನನಗಿಂತ ಚೆನ್ನಾಗಿ. ಆದರೆ ಒಂದು ವಿಷಯ ಮರೆಯುತ್ತೇವೆ. ಅವರು ಬಂದಾಗ ನಮ್ಮ ಶಾಲೆಯ ಹಾಲ್ ಹೋಗಲಿಲ್ಲ. ಬಾಡಿಗೆ ಮನೆಗೆ ನಮ್ಮ ಜೊತೆ ಕ್ಯೂ ನಿಲ್ಲಲಿಲ್ಲ. ಅವರದ್ದು ಅವರ ಕಡೆ, ನಮ್ಮದು ನಮ್ಮ ಕಡೆ, ಮಧ್ಯೆ ಒಂದು ಹೊಳೆ. ಇಲ್ಲಿಯವರೆಗೂ ಹಾಗೇ ಇದೆ. ಇದನ್ನು ತಗೊಂಡು ಹೋಗಿ ಸ್ಟುಟ್‌ಗಾರ್ಟ್ ಪಕ್ಕ ಇಟ್ಟು ನೋಡಿದರೆ ತಾಳೆ ಆಗಲ್ಲ.

ಈಜಿಪುರದ_ಮೀನಕ್ಕ

ನಾನು ಯುರೋಪ್ ನೋಡಿಲ್ಲ. ಆದರೆ ರೈಲ್ವೆ ಸ್ಟೇಷನ್ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

2012ರ ಆಗಸ್ಟ್ ನೆನಪಿದೆಯಾ? ಈಶಾನ್ಯದವರ ಮೇಲೆ ಹಲ್ಲೆ ಆಗುತ್ತೆ ಅಂತ ಮೆಸೇಜ್ ಹರಿದಾಡಿ ಮೂರ್ನಾಲ್ಕು ದಿನದಲ್ಲಿ ಸಾವಿರಗಟ್ಟಲೆ ಜನ ಬೆಂಗಳೂರು ಬಿಟ್ಟರು. ಗುವಾಹಟಿಗೆ ಸ್ಪೆಷಲ್ ಟ್ರೇನ್ ಬಿಟ್ಟಿದ್ದರು. ಮಂತ್ರಿಗಳೇ ಸ್ಟೇಷನ್‌ಗೆ ಬಂದು ಹೋಗಬೇಡಿ ಅಂದರು. ಕೊನೆಗೆ ಸರ್ಕಾರ ದಿನಕ್ಕೆ ಐದೇ ಮೆಸೇಜ್ ಅಂತ ಕಟ್ಟು ಹಾಕಿತು. ನಮ್ಮ ಮೇಲಿನ ಮನೆಯಲ್ಲಿ ಅಸ್ಸಾಮಿನ ಇಬ್ಬರು ಹುಡುಗಿಯರು ಬಾಡಿಗೆಗಿದ್ದರು, ಬ್ಯೂಟಿ ಪಾರ್ಲರ್ ಕೆಲಸ. ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲು ತಟ್ಟಿ ಆ ತಿಂಗಳ ಬಾಡಿಗೆ ಎಣಿಸಿ ಕೊಟ್ಟರು. ಕುಕ್ಕರ್ ಹೊತ್ತುಕೊಂಡು ಹೋಗೋಕೆ ಆಗಲ್ಲ ಆಂಟಿ, ಇಟ್ಟುಕೊಂಡಿರಿ ಅಂದರು. ನಾನು ಇಸ್ಕೊಂಡೆ. ಇರಿ, ನಾವಿದ್ದೇವೆ ಅಂತ ಒಂದು ಮಾತು ಬಾಯಿಗೆ ಬರಲಿಲ್ಲ. ನಮ್ಮ ರಸ್ತೆಯಲ್ಲಿ ಯಾರೂ ಅವರಿಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಎಲ್ಲರೂ ಬಾಲ್ಕನಿಯಲ್ಲಿ ನಿಂತು ಅವರು ಆಟೋ ಹತ್ತೋದು ನೋಡಿದೆವು.

ಬನಶಂಕರಿಯವರೇ, ನೀವು ಚಪ್ಪಾಳೆಯವರ ಬಗ್ಗೆ ಕೇಳಿದಿರಿ, ಜಯನಗರದವರು ಕಲ್ಲಿನವರ ಬಗ್ಗೆ ಹೇಳಿದರು. ನನಗೆ ಕೇಳಿದರೆ ಜಾಸ್ತಿ ಇರೋದು ಬಾಲ್ಕನಿಯವರು. ಚುನಾವಣೆಯಲ್ಲಿ ಓಟು ಹಾಕೋರೂ ಅವರೇ.

ಆ ಹುಡುಗಿಯರಲ್ಲಿ ಒಬ್ಬಳು ಎರಡು ತಿಂಗಳಿಗೆ ವಾಪಸ್ ಬಂದಳು. ಕುಕ್ಕರ್ ಕೊಟ್ಟೆ, ಹೊಸ ಗ್ಯಾಸ್ಕೆಟ್ ಹಾಕಿಸಿ.

ಬನಶಂಕರಿ_ಸೆಕೆಂಡ್‌ಸ್ಟೇಜ್

ಮೀನಕ್ಕ, ನಿಮ್ಮ ಉತ್ತರ ಅಕ್ಕನಿಗೆ ಕಳಿಸಿದೆ. ಓದಿದಳು, ಬರೀ ಒಂದು ಫೋಟೋ ಬಂತು. ಆವತ್ತು ವಾಪಸ್ ತಂದ ಜಾಕೆಟ್ ಚೀಲ, ಇನ್ನೂ ನೆಲಮಾಳಿಗೆಯಲ್ಲೇ ಇದೆ. ಬಿಚ್ಚಿಯೂ ಇಲ್ಲ. ರಾತ್ರಿ ಫೋನ್ ಮಾಡಿದಾಗ ಮನೆ ಬಾಡಿಗೆ, ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗಲ್ಲ ಅನ್ನೋದು ಎಲ್ಲಾ ಹೇಳಿಕೊಂಡಳು. ಅದಕ್ಕೂ ನಿರಾಶ್ರಿತರಿಗೂ ಏನು ಸಂಬಂಧ ಅಂತ ಕೇಳಿದೆ. 'ಗೊತ್ತು ಕಣೋ, ಆದರೂ' ಅಂದಳು.

ಜಯನಗರದ ಸಾರ್, ಆ ಟೈಲರ್ ಏನಾದ?

ಸ್ಟುಟ್‌ಗಾರ್ಟ್_ಟು_ಜಯನಗರ

ಅದೇ ಊರಲ್ಲಿದ್ದಾನೆ. ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಪ್ಯಾಂಟ್ ಉದ್ದ ಕಮ್ಮಿ ಮಾಡೋದು, ಜಿಪ್ ಹಾಕೋದು. 2024ರಲ್ಲಿ 83 ಸಾವಿರಕ್ಕೂ ಜಾಸ್ತಿ ಸಿರಿಯನ್ನರಿಗೆ ಜರ್ಮನ್ ಪೌರತ್ವ ಸಿಕ್ಕಿತಲ್ಲ, ಅದರಲ್ಲಿ ಇವನೂ ಒಬ್ಬ. ಆ ಕಾಗದ ಬಂದ ಲಕೋಟೆಯನ್ನೂ ಬಿಸ್ಕತ್ ಡಬ್ಬಿಗೆ ಹಾಕಿದ್ದಾನೆ.

ಹಾಗಾದರೆ 2025ರಲ್ಲಿ ನೀನು ಮೊದಲ ಸಲ ಓಟು ಹಾಕಿದೆಯಲ್ಲ, ಯಾರಿಗಪ್ಪ ಅಂತ ಫೋನಿನಲ್ಲಿ ಕೇಳಿದೆ. ನಕ್ಕ, ಹೇಳಲಿಲ್ಲ.