ಕೊಡಚಾದ್ರಿಗೆ ಹಿಡ್ಲುಮನೆ ಫಾಲ್ಸ್ ಕಡಿ ನಡಿಯೂ ದಾರಿಯೋ, ಜೀಪೋ? ಹೋಗಿ ಬಂದವ್ರು ಹೇಳ್ರಿ

ಬೆಟಗೇರಿ ಹುಡುಗ: ನಾಲ್ಕು ಮಂದಿ ಅದೀವಿ, ಸೆಪ್ಟೆಂಬರ್ ಕಡೀ ವಾರ. ಶುಕ್ರವಾರ ರಾತ್ರಿ ಹುಬ್ಬಳ್ಳಿ ಬಿಟ್ಟು ಭಾನುವಾರ ವಾಪಸ್. ಅಕ್ಕಾಗ ಮೊಣಕಾಲ ಬ್ಯಾನಿ ಐತಿ. ನಡದು ಹತ್ತೋಣೋ, ಜೀಪ್ ಹಿಡಿಯೋಣೋ?

ಉಣಕಲ್ ಕೆರಿದಂಡಿ: ಹತ್ತೂದು ಹಿಡ್ಲುಮನೆ ಫಾಲ್ಸ್ ಕಡಿಂದ, ಇಳಿಯೂದು ಜೀಪಿನ ರಸ್ತಾದಾಗ. ಉಲ್ಟಾ ಮಾಡಿದ್ರ ಕೆಟ್ಟಿರಿ. ನೀರಿನ ಬಾಜೂಕಿನ ಬಂಡೆಗಲ್ಲಿಗೆ ಪಾಚಿ ಕಟ್ಟಿರತೈತಿ. ಹತ್ತುವಾಗ ಕೈ ಊರಬಹುದು. ಇಳಿಯುವಾಗ ಮೈಭಾರ ಹಿಮ್ಮಡಿಗೆ ಬಂದು ಕಾಲು ಜಾರತೈತಿ. ಅಡಿ ಸವೆದ ಬೂಟು ಬ್ಯಾಡ. ಉಗುರು ಎರಡು ದಿನ ಮೊದಲ ತಗೀರಿ, ಇಳಿಯೂ ಮುಂಚೆ ಲೇಸ್ ಬಿಗೀರಿ. ಇಲ್ಲಾಂದ್ರ ಹೆಬ್ಬೆರಳು ಬೂಟಿನ ಮೂತಿಗೆ ಬಡದು ಬಡದು ಉಗುರು ಕರ್ರಗಾಗತೈತಿ. ತೆಳು ಪ್ಲಾಸ್ಟಿಕ್ ರೈನ್‌ಕೋಟ್‌ಗೆ ರೊಕ್ಕ ಹಾಕಬ್ಯಾಡ್ರಿ, ಮೊದಲನೇ ಮುಳ್ಳಿಗೇ ಹರೀತೈತಿ.

ನವನಗರ ನಿವಾಸಿ: ಮಳಿಗಾಲದ ಬಾಲದಾಗ ಇಷ್ಟು ಒದ್ದಾಡಿ 1343 ಮೀಟರ್ ಮ್ಯಾಲೆ ನೋಡೂದು ಏನು, ಬರೇ ಮಂಜು! ಸಮುದ್ರ ಕಾಣಬೇಕಂದ್ರ ನವೆಂಬರ್ ಮ್ಯಾಲೆ ಹೋಗ್ರಿ. ಜೀಪ್ ಅಂದ್ರೂ ಪೂರ್ತಿ ತುದಿಗೆ ಮುಟ್ಟಸೂದಿಲ್ಲ. ಗುಡಿ ಹತ್ರ ಇಳಿಸ್ತದ, ತುದಿಯಾಗಿನ ಕಲ್ಲು ಮಂಟಪ ಸರ್ವಜ್ಞ ಪೀಠಕ್ಕ ಅಲ್ಲಿಂದ ಏರು ಹಾದಿ. ರೇಟು ಮಾತಾಡುವಾಗ ಖಾಲಿ ಸೀಟಿನ ರೊಕ್ಕ ಯಾರ ತಲಿಮ್ಯಾಲೆ, ಮ್ಯಾಲೆ ಎಷ್ಟು ತಾಸು ಕಾಯ್ತಾನ, ಹೆಚ್ಚಾದ್ರ ಎಷ್ಟು, ಎಂಟ್ರಿ ಫೀ ಒಳಗೋ ಹೊರಗೋ, ಇವು ನಾಲ್ಕೂ ಜೀಪ್ ಹತ್ತೂ ಮೊದಲ ಕೇಳ್ರಿ. ಇಳಿದ ಮ್ಯಾಲೆ ಕೇಳಿದ್ರ ಜಗಳನ ಗತಿ.

ಉಣಕಲ್ ಕೆರಿದಂಡಿ: ಜೀಪಿನಾಗ ಹೋಗಿ ಟ್ರೆಕ್ ಅನ್ನಬ್ಯಾಡ್ರಿ ಸಾಹೇಬ್ರ.

ರಾಣೆಬೆನ್ನೂರ ಕರಿಜಿಂಕೆ: ಜಿಗಣಿ ಮಾತು ಒಬ್ರೂ ಎತ್ತಲಿಲ್ಲ! ಉಪ್ಪಿನ ಪೊಟ್ಟಣ ಒಯ್ರಿ.

ಸಾಧನಕೇರಿ ಸಂಜಿ: ಉಪ್ಪು ಹಾಕಿದ್ರ ಅದು ಹೊಟ್ಟಿಯಾಗಿಂದು ಗಾಯದಾಗ ಕಾರ್ತದ್ರೀ, ನಂಜಾಗೂದು ಅದಕ್ಕ. ಕಿತ್ತು ಎಳೀಬಾರದು. ಸಣ್ಣ ತುದಿ ಅದರ ಬಾಯಿ. ಅಲ್ಲಿ ಉಗುರು ಹಾಕಿ ಅಡ್ಡ ಸರಿಸ್ರಿ, ಸಾಬೂನು ಹಚ್ಚಿ ತೊಳೀರಿ, ಬಟ್ಟಿ ಒತ್ತಿ ಹಿಡೀರಿ. ಅದರ ಜೊಲ್ಲಿನಾಗ ರಕ್ತ ಹೆಪ್ಪುಗಟ್ಟಗೊಡದ ಪದಾರ್ಥ ಇರ್ತದ, ಹಿಂಗಾಗಿ ಬಿಟ್ಟ ಮ್ಯಾಲೂ ಸೋರ್ತದ, ಗಾಬರಿ ಬ್ಯಾಡ. ಪ್ಯಾಂಟಿನ ತುದಿ ಒತ್ತು ನೇಯ್ಗಿ ಸಾಕ್ಸಿನೊಳಗ ತುರುಕಿದ್ರ ಅರ್ಧ ಕಾಟ ಅಲ್ಲೇ ತಪ್ಪತದ.

ರಾಣೆಬೆನ್ನೂರ ಕರಿಜಿಂಕೆ: ಮಲೆನಾಡಿನವ್ರಿಗೆ ಹೋಗಿ ಹೇಳ್ರಿ ಇದನ್ನ, ನಗ್ತಾರ.

ಡೋಣಿ ಗಾಳಿ: ಮನಿ ಮುಂದಿನ ಕಪ್ಪತಗುಡ್ಡ ಬಿಟ್ಟು ಅಷ್ಟು ದೂರ ಯಾಕ್ರೀ? ಗಾಳಿಗುಂಡಿ ಅನ್ನೂ ತುದಿ ಮ್ಯಾಲೆ ನಿಂತ್ರ ಗಾಳಿಯಂತ್ರದ ಸಾಲು, ಹಸರು ಗುಡ್ಡ, ಎಲ್ಲಾ ಕಾಣತೈತಿ. ಜಿಗಣಿ ಕಾಟಿಲ್ಲ. ಬಿಸಲಿಗೆ ನೆರಳು ಕಡಿಮಿ, ತಲಾ 3 ಲೀಟರ್ ನೀರು ಬೇಕು. 2019ರಿಂದ ವನ್ಯಜೀವಿಧಾಮ, ಅರಣ್ಯದವ್ರನ್ನ ಕೇಳಿ ಹೋಗ್ರಿ. ಬ್ಯಾಸಗಿಯಾಗ ಬೀಡಿ ಮಂದಿನ್ನ ಕರಕೊಂಡು ಬರಬ್ಯಾಡ್ರಿ, ಒಣ ಹುಲ್ಲಿಗೆ ಒಂದು ಕಿಡಿ ಸಾಕು.

ನವನಗರ ನಿವಾಸಿ: ಕೇಳಿದ್ದು ಕೊಡಚಾದ್ರಿ, ಹೇಳೂದು ಕಪ್ಪತಗುಡ್ಡ. ಗದಗಿನವ್ರ ಹಟ!

ಡೋಣಿ ಗಾಳಿ: ಮಂಜು ನೋಡಾಕ ರೊಕ್ಕ ಸುರಿಯೋ ಹಟಕ್ಕಿಂತ ಪಾಡ.

ಬೆಟಗೇರಿ ಹುಡುಗ: ಅಕ್ಕನ ಮೊಣಕಾಲಿಂದು ಯಾರೂ ಹೇಳಲಿಲ್ಲಲ್ರೀ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಡೀತದೇನು?

ಉಣಕಲ್ ಕೆರಿದಂಡಿ: ಆ ಹವಾಕ್ಕ ಖಡಕ್ ರೊಟ್ಟಿ ಒಂದ ತಾಸಿಗೆ ತೊಗಲಾಗತೈತಿ. ಚಪಾತಿ ಒಯ್ರಿ.

ಸಾಧನಕೇರಿ ಸಂಜಿ: ಡಬ್ಬಿ ಮುಚ್ಚಳ ಗಟ್ಟಿ ಹಾಕಿದ್ರ ಯಾಕ ತೊಗಲಾಗತದ? ಚಪಾತಿ ಮರುದಿನಕ್ಕ ಹಳಸ್ತದ.

ಉಣಕಲ್ ಕೆರಿದಂಡಿ: ನಿಮ್ಮ ಡಬ್ಬಿ ನಿಮಗಿರಲಿ.