ತೀರ್ಥನ್ ಕಣಿವೆಯ ಸಣ್ಣ ಹಳ್ಳಗಳಲ್ಲಿ ಟ್ರೌಟ್‌ಗೆ ಗಾಳ: ಏನೇನು ಬೇಕು?

ಕೆರೆಏರಿ: ಏಪ್ರಿಲ್‌ನಲ್ಲಿ ಹಿಮಾಚಲಕ್ಕೆ ಹೋಗುತ್ತಿದ್ದೇನೆ, ಗುಶೈನಿ ಹತ್ತಿರ ಉಳಿಯುವ ಯೋಚನೆ. ತೀರ್ಥನ್ ನದಿಗಿಂತ ಅದಕ್ಕೆ ಬಂದು ಸೇರುವ ಫಲಾಚನ್ ಥರದ ಸಣ್ಣ ಹಳ್ಳದಲ್ಲಿ ಬ್ರೌನ್ ಟ್ರೌಟ್ ಮೀನು ಹಿಡಿಯಬೇಕು ಅಂತ ಆಸೆ. ಊರಲ್ಲಿ ಕೆರೆಗೆ ಗಾಳ ಹಾಕಿ ಅಭ್ಯಾಸ, ರಭಸದ ನೀರು ಹೊಸದು. ಒಂಬತ್ತು ಅಡಿ ಕೋಲು ಇದೆ, ಸಾಕಾ? ಯಾವ ಫ್ಲೈ (ಕೊಕ್ಕೆಗೆ ಕಟ್ಟುವ ಹುಳುವಿನಂಥ ಕೃತಕ ಎರೆ) ತರಲಿ?

ಮಡುವಿನಂಚು: ಒಂಬತ್ತು ಅಡಿ ಜಾಸ್ತಿಯಾಯಿತು, ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಏಳು ಅಡಿಯದು ನೋಡಿ. ಆದರೆ ಕೋಲಿಗಿಂತ ನೀವು ನಡೆಯುವ ರೀತಿ ಮುಖ್ಯ. ಟ್ರೌಟ್ ಹರಿವಿಗೆ ಎದುರಾಗಿ, ಮೇಲುಗಡೆ ಮುಖ ಮಾಡಿ ನಿಂತಿರುತ್ತದೆ, ಹಾಗಾಗಿ ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಬಗ್ಗಿಕೊಂಡು ಹೋಗಬೇಕು. ನಿಮ್ಮ ನೆರಳು ಮಡುವಿನ ಮೇಲೆ ಬಿತ್ತೋ, ಮುಗೀತು, ಅಲ್ಲಿ ಇನ್ನು ನಿಂತು ಪ್ರಯೋಜನವಿಲ್ಲ. ಬಂಡೆಯ ಹಿಂದಿನ ಶಾಂತ ನೀರಿಗೂ ಪಕ್ಕದ ಸೆಳವಿಗೂ ನಡುವೆ ಒಂದು ಗೆರೆ ಕಾಣುತ್ತದಲ್ವಾ, ಫ್ಲೈ ಬೀಳಬೇಕಾದ್ದು ಅದರ ಮೇಲೆ. ದಾರ ಎಳೆದು ಫ್ಲೈ ಅಡ್ಡಡ್ಡ ಜಾರಿದರೆ ಮೀನು ಮುಟ್ಟುವುದಿಲ್ಲ, ಎಲೆ ತೇಲುವ ಹಾಗೆ ನೀರಿನ ವೇಗಕ್ಕೇ ಬರಬೇಕು. ಯಾವ ಫ್ಲೈ ಅಂದರೆ, ಹೋದ ತಕ್ಷಣ ನೀರೊಳಗಿನ ಒಂದು ಕಲ್ಲು ಮಗುಚಿ ನೋಡಿ. ಅಡಿಯಲ್ಲಿ ಚಪ್ಪಟೆ ಹುಳುಗಳು, ಮರಳು ಅಂಟಿಸಿಕೊಂಡ ಪುಟ್ಟ ಕೊಳವೆಗಳು ಇರುತ್ತವೆ. ಅದೇ ಅಳತೆಯ, ಅದೇ ಬಣ್ಣದ ನಿಂಫ್, ಅಂದರೆ ನೀರೊಳಗಿನ ಮರಿಹುಳುವನ್ನು ಹೋಲುವ ಫ್ಲೈ, ಕಟ್ಟಿ.

ದೇವದಾರು: ಮೊದಲು ಮೀನುಗಾರಿಕೆ ಇಲಾಖೆಯ ಪರ್ಮಿಟ್ ಮಾಡಿಸಿ, ಅದಿಲ್ಲದೆ ದಯವಿಟ್ಟು ನೀರಿಗೆ ಗಾಳ ಬಿಡಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ರೌಟ್‌ಗೆ ನಿಷೇಧ, ಹೆಣ್ಣು ಮೀನು ಜಲ್ಲಿ ತೋಡಿ ಮೊಟ್ಟೆ ಇಡುವ ಕಾಲ ಅದು. ಮೇಲಿನ ಗ್ರೇಟ್ ಹಿಮಾಲಯನ್ ಪಾರ್ಕ್ ಒಳಗೆ ಕಾಲಿಡಲು ಬೇರೆಯೇ ಅನುಮತಿ ಬೇಕು. ಅಂದ ಹಾಗೆ ಈ ಮೀನು ಅಲ್ಲಿಯದಲ್ಲ, ಯುರೋಪಿನದು. ಬ್ರಿಟಿಷರ ಕಾಲದಲ್ಲಿ ಕಾಶ್ಮೀರಕ್ಕೆ ಬಂದು, 1909ರಲ್ಲಿ ಅಲ್ಲಿಂದ ಕುಲ್ಲು ಕಡೆಗೆ ಬಂತು. ತಣ್ಣನೆ ನೀರು ಒಗ್ಗಿ ತಾನೇ ಸಂತಾನ ಬೆಳೆಸಿಕೊಂಡಿದೆ.

ಕೆರೆಏರಿ: ತುಂಬಾ ಉಪಕಾರ ಆಯ್ತು. ಹಿಡಿದದ್ದನ್ನು ಬಿಟ್ಟುಬಿಡುವ ಮನಸ್ಸಿದೆ. ಮೀನು ಬದುಕುತ್ತದಾ?

ಮಡುವಿನಂಚು: ಖಂಡಿತ ಬದುಕುತ್ತದೆ, ಆತುರ ಮಾಡದಿದ್ದರೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಳ್ಳಿ. ಕೈ ಒದ್ದೆ ಮಾಡಿಯೇ ಮುಟ್ಟಿ, ಒಣ ಕೈಗೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಕಿವಿರಿಗೆ ಬೆರಳು ಹಾಕಬೇಡಿ. ತಲೆ ಹರಿವಿನ ಕಡೆಗಿಟ್ಟು ಹಿಡಿದುಕೊಳ್ಳಿ, ಅದಾಗಿಯೇ ಬಾಲ ಬೀಸಿ ಹೋಗುವವರೆಗೆ. ಇನ್ನೊಂದು ಮಾತು, ಏಪ್ರಿಲ್‌ನಲ್ಲಿ ಬಿಸಿಲೇರಿದಂತೆ ಮೇಲೆ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರಿ ಕದಡಬಹುದು. ಬೆಳಗ್ಗೆಯೇ ಇಳಿಯಿರಿ.